ಗಾಳಿಗೂ ಒಂದು ತೂಬು ಬೇಕು

ಕಬ್ಬು ಕಡಿಯುವ ಹಂಗಾಮು ಬಂದಿತೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರಸ್ತೆಗಳಿಗೆ ರಾತ್ರಿಯೆಂಬುದೇ ಇರುವುದಿಲ್ಲ. ಘಟಪ್ರಭೆಯ ನೀರುಂಡು ಬೆಳೆದ ಕಬ್ಬು ಲಾರಿಗಳನ್ನೇರಿ, ಟ್ರ್ಯಾಕ್ಟರಿನ ಜೋಡಿ ಡಬ್ಬಿಗಳನ್ನೇರಿ ಕಾರ್ಖಾನೆಗಳತ್ತ ಸಾಗುತ್ತದೆ. ಸಂಕೇಶ್ವರದ ಬಳಿಯ ಹೆದ್ದಾರಿಯಲ್ಲಂತೂ ಪುಣೆಯಿಂದ ಬೆಂಗಳೂರಿಗೆ ಹೋಗುವ ಸರಕಿನ ವಾಹನಗಳ ಸಾಲು ಹಗಲಿರುಳೂ ಮುಗಿಯುವುದಿಲ್ಲ. ನಮ್ಮ ಓದುಗ ಬಂಧುಗಳಲ್ಲಿ ಅನೇಕರ ಮನೆಯ ಒಲೆ ಉರಿಯುವುದು ಈ ಚಕ್ರಗಳು ಉರುಳುವುದರಿಂದಲೇ. ಒಬ್ಬರ ಮನೆಯಲ್ಲಿ ಲಾರಿಯಿದೆ, ಇನ್ನೊಬ್ಬರ ಮಗ ಚಾಲಕ, ಮತ್ತೊಬ್ಬರ ಅಳಿಯನದು ಗ್ಯಾರೇಜು. ಆದುದರಿಂದ ಈ ತಿಂಗಳು ಅಡುಗೆ, ಆರೋಗ್ಯ, ಮಕ್ಕಳ ಶಿಕ್ಷಣಗಳನ್ನು ಬದಿಗಿರಿಸಿ ಲಾರಿಯ ಇಂಜಿನ್ನಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ಗಂಡಸರ ಮಾತೆಂದು ತಾಯಂದಿರು ಪುಟ ತಿರುವದಿರಲಿ. ನಾವು ಹೇಳಲಿರುವ ಘಟನೆಯಲ್ಲಿ ಒಂದು ಮನೆಯನ್ನು ಕಾಪಾಡಿದ್ದು ಒಬ್ಬ ತಾಯಿ ತಂದುಕೊಟ್ಟ ಮಣೆ.

ನಾಲ್ಕು ವರ್ಷಗಳ ಹಿಂದಿನ ಮಾತು. ಮೂಡಲಗಿಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಬೀಗರ ಮನೆಗೆ ಕುಬಸದ ಕಾರ್ಯಕ್ಕೆಂದು ಹೋಗಿದ್ದೆವು. ಮನೆಯ ತುಂಬ ಹೆಣ್ಣುಮಕ್ಕಳು, ಅಂಗಳದ ತುಂಬ ಚಿಕ್ಕ ಮಕ್ಕಳು. ಅಂಗಳದ ಅಂಚಿಗೆ ಆ ಮನೆಯ ಏಕಮಾತ್ರ ಲಾರಿ ನಿಂತಿತ್ತು. ಹಿಂದಿನ ದಿನವಷ್ಟೇ ಅದರ ಇಂಜಿನ್ ಎಣ್ಣೆಯನ್ನು ಬದಲಿಸಲಾಗಿತ್ತು. ಆಮೇಲೆ ತಿಳಿದುಬಂದಂತೆ, ಗ್ಯಾರೇಜಿನ ಹುಡುಗ ಒಮ್ಮೆ ಎಣ್ಣೆ ತುಂಬಿದ್ದ. ಅದನ್ನರಿಯದ ಮನೆಯ ಕಿರಿಯ ಮಗ ಸಂಜೆ ಮತ್ತೊಮ್ಮೆ ತುಂಬಿದ್ದ. ಅಳತೆಯ ಕಡ್ಡಿಯನ್ನು ಎಳೆದು ನೋಡುವ ವ್ಯವಧಾನ ಇಬ್ಬರಿಗೂ ಇರಲಿಲ್ಲ.

ಬೆಳಗಿನ ಹತ್ತರ ಸುಮಾರಿಗೆ ಕಿರಿಯ ಮಗ ಲಾರಿಯನ್ನು ಪಕ್ಕಕ್ಕೆ ಸರಿಸಲೆಂದು ಇಂಜಿನ್ ಚಾಲೂ ಮಾಡಿದ. ಕೆಲವು ನಿಮಿಷ ಎಲ್ಲವೂ ಸರಿಯಾಗಿಯೇ ಇತ್ತು. ಬಳಿಕ ಯಾರೂ ಕಾಲಿನಿಂದ ಒತ್ತದಿದ್ದರೂ ಇಂಜಿನ್ನಿನ ಸದ್ದು ತಾನಾಗಿ ಏರತೊಡಗಿತು. ಏರಿತು, ಮತ್ತೂ ಏರಿತು. ಹಿಂದಿನ ಕೊಳವೆಯಿಂದ ನೀಲಿ ಬಿಳುಪಿನ ದಟ್ಟ ಹೊಗೆ ಹೊರಟು ಅಂಗಳವನ್ನು ಮುಚ್ಚಿತು. ಕೊಟ್ಟಿಗೆಯ ಎತ್ತುಗಳು ಹಗ್ಗ ಹರಿದುಕೊಂಡವು. ಮಕ್ಕಳು ಚೀರಿದರು. ಹುಡುಗ ಗಾಬರಿಯಾಗಿ ಕೆಳಗೆ ಹಾರಿ, "ಕೀಲಿ ತಗದೇನ್ರಿ ಕಾಕಾ, ಆದ್ರೂ ನಿಂದ್ರವಲ್ದು!" ಎಂದು ಕೂಗಿಕೊಂಡ.

ಕ್ಯಾಬಿನ್ನಿನ ಹಿಂಬದಿಗೆ ಎದ್ದು ನಿಂತ ಗಾಳಿಕೊಳವೆಯ ಮೇಲಿನ ಟೊಪ್ಪಿಗೆ ಎಂದೋ ಮುರಿದುಹೋಗಿ ಅದರ ಬಾಯಿ ತೆರೆದೇ ಇತ್ತು. ಹುಡುಗ ಅಲ್ಲಿಗೇರಿ ಹೆಗಲ ಮೇಲಿನ ಟವೆಲನ್ನು ಆ ಬಾಯಿಗೆ ತುರುಕಿದ. ಕಣ್ಣು ಮಿಟುಕಿಸುವುದರೊಳಗೆ ಟವೆಲು ಒಳಗೆ ಸೆಳೆದುಹೋಯಿತು. ಆಗ ಅವನು ಬರಿಯ ಅಂಗೈಯನ್ನೇ ಅದರ ಮೇಲಿಟ್ಟ. ಇಟ್ಟ ಕೈಯನ್ನು ಬಿಡಿಸಿಕೊಳ್ಳಲು ಅವನಿಂದಾಗಲಿಲ್ಲ. ಅಣ್ಣ ಹಿಂದಿನಿಂದ ಅಪ್ಪಿ ಹಿಡಿದು ಎಳೆದಾಗ ಅಂಗೈಯ ಚರ್ಮ ಕಿತ್ತುಬಂದಿತ್ತು. ಊಟಕ್ಕೆಂದು ಬಂದಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರು, "ಕೈ ಇಡಬ್ಯಾಡೋ ತಮ್ಮಾ! ಹಲಗಿ ತಗೊಂಬರ್ರಿ, ಗಟ್ಟಿ ಹಲಗಿ!" ಎಂದು ಅಬ್ಬರಿಸಿದರು. ಮನೆಯ ಹಿರಿಯ ತಾಯಿ ಕ್ಷಣವೂ ತಡೆಯಲಿಲ್ಲ. ಬಸುರಿ ಸೊಸೆ ಕುಳಿತುಕೊಳ್ಳಲೆಂದು ಅರಿಷಿಣ ಕುಂಕುಮ ಹಚ್ಚಿ ಇಟ್ಟಿದ್ದ ಮಣೆಯನ್ನೇ ಎತ್ತಿ ತಂದು ಕೊಟ್ಟರು. ಮಿಸ್ತ್ರಿ ಅದನ್ನು ಕೊಳವೆಯ ಬಾಯಿಗೆ ಅಡ್ಡಲಾಗಿ ಒತ್ತಿ ಹಿಡಿದರು. ಇಂಜಿನ್ ನಾಲ್ಕಾರು ಸಲ ಕೆಮ್ಮಿ, ನಡುಗಿ, ನಿಂತುಹೋಯಿತು.

ಆ ಮೌನ ನಮಗೆ ಇಂದಿಗೂ ನೆನಪಿದೆ. ಎಲ್ಲವೂ ಎರಡು ಮೂರು ನಿಮಿಷಗಳಲ್ಲಿ ನಡೆದುಹೋಗಿತ್ತು. ಹುಡುಗನ ಕೈ ಮಾಯಲು ತಿಂಗಳಿಗೂ ಹೆಚ್ಚು ಹಿಡಿಯಿತು. ಇಂಜಿನ್ನಿನ ಟರ್ಬೊ ಹಾಳಾಗಿತ್ತು, ಬೇರಿಂಗುಗಳು ಸವೆದಿದ್ದವು. ಸಾಲದ ಕಂತು ತೀರದ ಲಾರಿ ಹಂಗಾಮಿನ ನಡುವೆ ಅಂಗಳದಲ್ಲಿಯೇ ನಿಂತಿತು. ಆದರೂ ಆ ದಿನ ಒಂದು ಜೀವವೂ ಹೋಗಲಿಲ್ಲವೆಂಬುದೇ ದೊಡ್ಡ ಮಾತು.

ಕೀಲಿ ತೆಗೆದರೂ ನಿಲ್ಲದ್ದೇಕೆ?

ಈ ಪ್ರಶ್ನೆಯನ್ನು ನಾವು ಅಂದೇ ಆ ಮಿಸ್ತ್ರಿಗಳಿಗೆ ಕೇಳಿದೆವು. ಅನಂತರ ತಿಳಿದವರಲ್ಲಿ ವಿಚಾರಿಸಿ, ಓದಿ ಅರಿತುಕೊಂಡೆವು. ವಿಷಯ ಕಠಿಣವಲ್ಲ.

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಕಿಡಿ ಕಡಿದರೆ ಅದು ನಿಲ್ಲುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಯಂತ್ರಕ್ಕೆ ಕಿಡಿಯ ಹಂಗಿಲ್ಲ. ಅದು ಗಾಳಿಯನ್ನು ಒಳಗೆ ಸೆಳೆದು, ಹದಿನಾರು ಹದಿನೆಂಟು ಪಟ್ಟು ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಹನಿಗಳು ಸೋಕಿದೊಡನೆ ತಾವಾಗಿ ಹೊತ್ತಿಕೊಳ್ಳುತ್ತವೆ. ಇಂಜಿನ್ ಎಷ್ಟು ವೇಗವಾಗಿ ತಿರುಗಬೇಕೆಂಬುದನ್ನು ನಿರ್ಧರಿಸುವುದು ಒಳಹೋಗುವ ಡೀಸೆಲ್‌ನ ಪ್ರಮಾಣ. ಅದನ್ನು ಅಳೆದು ಕೊಡುವ ಕಾರಣದಿಂದಲೇ ಪಂಪಿನ ಗವರ್ನರ್ ಇಂಜಿನ್ನಿನ ಕಡಿವಾಣವೆನಿಸಿದೆ. ಕೀಲಿ ತೆಗೆದಾಗ ಅಥವಾ ಹಳೆಯ ಲಾರಿಗಳಲ್ಲಿ ಇಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದಾಗ ಆಗುವುದಿಷ್ಟೇ: ಡೀಸೆಲ್ ಬರುವುದು ನಿಲ್ಲುತ್ತದೆ.

ಆದರೆ ಉರಿಯುವ ವಸ್ತು ಪಂಪಿನ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಒಳಹೊಕ್ಕರೆ? ಆಗ ಗವರ್ನರ್‌ಗೂ ಅದರ ಮೇಲೆ ಅಧಿಕಾರವಿಲ್ಲ, ಕೀಲಿಗೂ ಇಲ್ಲ. ನಮ್ಮ ಬೀಗರ ಲಾರಿಯಲ್ಲಿ ನಡೆದದ್ದು ಇದೇ. ಅಳತೆ ಮೀರಿದ ಎಣ್ಣೆಯನ್ನು ಕ್ರ್ಯಾಂಕು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸಿತು. ಆ ಎಣ್ಣೆ ಉಸಿರುಕೊಳವೆಯ ಮೂಲಕ ಗಾಳಿಯ ದಾರಿಯನ್ನು ಸೇರಿತು. ಇಂಜಿನ್ ತನ್ನ ಎಣ್ಣೆಯನ್ನೇ ತಾನು ಕುಡಿದು ಓಡತೊಡಗಿತು. ವೇಗ ಹೆಚ್ಚಿದಷ್ಟೂ ಎಣ್ಣೆ ಹೆಚ್ಚು ಬಂದಿತು, ಎಣ್ಣೆ ಹೆಚ್ಚಿದಷ್ಟೂ ವೇಗ ಹೆಚ್ಚಿತು. ಟರ್ಬೊದ ಎಣ್ಣೆತಡೆಗಳು ಸವೆದಿದ್ದರೂ, ಪಿಸ್ಟನ್ ರಿಂಗುಗಳು ಸೋತಿದ್ದರೂ, ಹಳೆಯ ಮಾದರಿಯ ಎಣ್ಣೆತೊಟ್ಟಿಯ ಗಾಳಿಶೋಧಕದಲ್ಲಿ ಗೆರೆ ಮೀರಿ ಎಣ್ಣೆ ಹಾಕಿದ್ದರೂ ಇದೇ ಅನಾಹುತವಾಗಬಹುದು. ಭಾರವಾದ ಲಾರಿಯ ಇಂಜಿನ್ ಸುಮ್ಮನೆ ನಿಂತಾಗ ನಿಮಿಷಕ್ಕೆ ಆರು ಏಳು ನೂರು ಸುತ್ತು ತಿರುಗುತ್ತದೆ; ಗವರ್ನರ್ ಅದನ್ನು ಎರಡು ಎರಡೂವರೆ ಸಾವಿರದ ಆಸುಪಾಸಿಗೆ ತಡೆದು ನಿಲ್ಲಿಸುತ್ತದೆ. ಹುಚ್ಚೆದ್ದ ಇಂಜಿನ್ನಿಗೆ ಆ ಎಲ್ಲೆಯಿಲ್ಲ. ಕೊನೆಗೆ ಒಳಗಿನ ದಂಡ ಮುರಿದು ಕಬ್ಬಿಣದ ಗೋಡೆಯನ್ನೇ ಒಡೆದು ಹೊರಬರುವುದುಂಟು.

ತೂಬಿನ ಉಪಾಯ

ಬೆಂಕಿಗೆ ಬೇಕಾದವು ಎರಡು: ಉರಿಯುವ ವಸ್ತು ಮತ್ತು ಗಾಳಿ. ಮೊದಲನೆಯದು ಕೈಮೀರಿದಾಗ ಉಳಿಯುವುದು ಎರಡನೆಯದೇ. ಆ ಮಿಸ್ತ್ರಿಗಳು ಮಣೆಯಿಂದ ಮಾಡಿದ ಕೆಲಸವನ್ನೇ ನಿಯಮಬದ್ಧವಾಗಿ, ಕ್ಷಣಾರ್ಧದಲ್ಲಿ, ಯಾರ ಕೈಯೂ ಗಾಯವಾಗದಂತೆ ಮಾಡುವ ಒಂದು ಸಾಧನವಿದೆ. ಅದೇ ತುರ್ತು ಗಾಳಿತಡೆ ವಾಲ್ವು.

ಧೂಪದಾಳದ ಒಡ್ಡಿನಿಂದ ಹೊರಡುವ ಕಾಲುವೆಯನ್ನು ಕಂಡ ನಮ್ಮ ರೈತಬಂಧುಗಳಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಕಾಲುವೆ ಒಡೆದು ಹೊಲಕ್ಕೆ ನೀರು ನುಗ್ಗಿದಾಗ ಜಾಣನಾದವನು ಹೊಲದಲ್ಲಿ ಬದು ಹಾಕುತ್ತ ಕೂಡುವುದಿಲ್ಲ. ಮೇಲಕ್ಕೆ ಓಡಿಹೋಗಿ ತೂಬನ್ನು ಇಳಿಸುತ್ತಾನೆ. ಈ ವಾಲ್ವು ಗಾಳಿಯ ಕಾಲುವೆಗೆ ಇಟ್ಟ ತೂಬು. ಗಾಳಿಯ ಕೊಳವೆಯೊಳಗೆ ಒಂದು ಲೋಹದ ಬಿಲ್ಲೆಯೋ ಜಾರುವ ಹಲಗೆಯೋ ಇರುತ್ತದೆ. ಸಾಮಾನ್ಯ ಸಮಯದಲ್ಲಿ ಅದು ತೆರೆದಿದ್ದು ಗಾಳಿಗೆ ಅಡ್ಡಿಮಾಡದು. ಆಪತ್ತಿನಲ್ಲಿ ಬಲವಾದ ಸ್ಪ್ರಿಂಗು ಅದನ್ನು ಥಟ್ಟನೆ ಮುಚ್ಚಿಬಿಡುತ್ತದೆ. ಕೆಲವು ವಾಲ್ವುಗಳನ್ನು ಚಾಲಕನು ಕ್ಯಾಬಿನ್ನಿನಲ್ಲಿ ಕುಳಿತೇ ತಂತಿಯ ಹಿಡಿ ಎಳೆದು ಮುಚ್ಚಬಹುದು. ಕೆಲವು ವಿದ್ಯುತ್ತಿನಿಂದ ಅಥವಾ ಒತ್ತಡದ ಗಾಳಿಯಿಂದ ಮುಚ್ಚುತ್ತವೆ. ಇನ್ನು ಕೆಲವು ಇಂಜಿನ್ನಿನ ವೇಗ ಎಲ್ಲೆ ಮೀರಿದೊಡನೆ ಯಾರ ಅಪ್ಪಣೆಗೂ ಕಾಯದೆ ತಾವೇ ಮುಚ್ಚಿಕೊಳ್ಳುತ್ತವೆ. ಚಾಲಕನು ಕೆಳಗಿಳಿದು ದೂರವಿದ್ದಾಗ ಈ ಕೊನೆಯ ಬಗೆಯದೇ ರಕ್ಷಕ.

ಇದನ್ನು ಕೂಡಿಸುವ ಸ್ಥಳವೂ ಮುಖ್ಯ. ಟರ್ಬೊ ಇರುವ ಇಂಜಿನ್ನುಗಳಲ್ಲಿ ಸಾಧ್ಯವಾದಮಟ್ಟಿಗೆ ಟರ್ಬೊ ದಾಟಿದ ಮೇಲೆ, ಇಂಜಿನ್ನಿಗೆ ಹತ್ತಿರದಲ್ಲಿ ಕೂಡಿಸುವುದು ಲೇಸು. ಟರ್ಬೊಕ್ಕಿಂತ ಮೊದಲೇ ಕೂಡಿಸಿದರೆ, ಮುಚ್ಚಿದಾಗ ಉಂಟಾಗುವ ಸೆಳೆತವು ಟರ್ಬೊದ ಎಣ್ಣೆಯನ್ನೇ ಒಳಗೆ ಎಳೆಯಬಹುದು, ನಡುವಿನ ರಬ್ಬರು ಕೊಳವೆಯನ್ನೂ ಕುಗ್ಗಿಸಬಹುದು. ವಾಲ್ವು ದಾಟಿದ ಮೇಲೆ ಕೊಳವೆಯಲ್ಲಿ ಸೀಳು ಇದ್ದರೆ, ಅಥವಾ ಅಲ್ಲಿ ಬೇರೊಂದು ಗಾಳಿದಾರಿ ತೆರೆದಿದ್ದರೆ ತೂಬು ಇಳಿಸಿಯೂ ಫಲವಿಲ್ಲ. ಒಡೆದ ಕಾಲುವೆಯ ಕೆಳಗಡೆ ಇನ್ನೊಂದು ಹಳ್ಳ ಸೇರಿದಂತಾದೀತು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ಇಳಿಜಾರಿನಲ್ಲಿ ವೇಗ ತಗ್ಗಿಸಲು ಅನೇಕ ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಅದು ಹೊಗೆ ಹೊರಹೋಗುವ ಕೊಳವೆಯನ್ನು ಅಡ್ಡಗಟ್ಟುವಂಥದು. ಗಾಳಿ ಒಳಬರುವ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದಾಗಿ, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಹಂತ 6ರ ಅನೇಕ ಹೊಸ ಇಂಜಿನ್ನುಗಳಲ್ಲಿ ಗಾಳಿಯ ದಾರಿಯಲ್ಲಿ ಒಂದು ಬಿಲ್ಲೆ ಇರುವುದುಂಟು. ಅದು ಹೊಗೆಯ ಶುದ್ಧಿಗಾಗಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಸಾಧನ. ಆಪತ್ತಿನಲ್ಲಿ ಗಾಳಿಯನ್ನು ಪೂರ್ತಿ ತಡೆಯುವ ಬಾಗಿಲೆಂದು ಅದನ್ನು ನಂಬಿ ಕೂಡಬಾರದು.

ಗಾಳಿಯಲ್ಲಿಯೇ ಬೆಂಕಿ ಇದ್ದರೆ

ಎಣ್ಣೆಯಿಂದ ಹುಚ್ಚೆದ್ದ ಇಂಜಿನ್ ಒಂದು ಮನೆಯ ನಷ್ಟ. ಆದರೆ ಸುತ್ತಲಿನ ಗಾಳಿಯಲ್ಲಿಯೇ ಉರಿಯುವ ಆವಿ ಕೂಡಿಕೊಂಡಿದ್ದರೆ ಆಗುವುದು ಊರಿನ ನಷ್ಟ. ಇಂಜಿನ್ ಗಾಳಿಯೊಂದಿಗೆ ಆವಿಯನ್ನೂ ಸೆಳೆದು ಓಡುತ್ತದೆ, ಕೊನೆಗೆ ಅದರಿಂದ ಹೊರಟ ಜ್ವಾಲೆ ಸುತ್ತಲಿನ ಆವಿಗೆಲ್ಲ ಬೆಂಕಿ ಹಚ್ಚುತ್ತದೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ಎಂಬಲ್ಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಉರಿಯುವ ದ್ರವ ಹೊರಚೆಲ್ಲಿ ಅದರ ಆವಿ ನೆಲದ ಮೇಲೆ ಹರಡಿತು. ಹತ್ತಿರದಲ್ಲಿ ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದ್ದ ಒಂದು ಡೀಸೆಲ್ ವಾಹನವಿತ್ತು. ಆವಿಯನ್ನು ಸೆಳೆದ ಆ ಇಂಜಿನ್ ಅಬ್ಬರಿಸಿ ಓಡಿದ್ದನ್ನು ಕಂಡವರಿದ್ದಾರೆ. ಬೆಂಕಿ ಹೊತ್ತಿದ್ದು ಬಹುಶಃ ಅಲ್ಲಿಂದಲೇ ಎಂದು ತನಿಖೆ ನಡೆಸಿದ ಅಲ್ಲಿಯ ಸರಕಾರದ ಮಂಡಳಿ ನಿರ್ಣಯಿಸಿತು. 15 ಜನ ಮಡಿದರು, ಸುಮಾರು 180 ಜನ ಗಾಯಗೊಂಡರು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್ ವಾಟರ್ ಹೊರೈಜನ್ ಎಂಬ ತೈಲಬಾವಿಯ ನೌಕೆಯಲ್ಲಿ ಅನಿಲವು ಉಕ್ಕಿ ಬಂದಾಗಲೂ ವಿದ್ಯುತ್ತು ಉತ್ಪಾದಿಸುತ್ತಿದ್ದ ದೊಡ್ಡ ಡೀಸೆಲ್ ಇಂಜಿನ್ನುಗಳು ವೇಗ ಮೀರಿ ಓಡಿದವು. ದೀಪಗಳು ಅತಿಯಾಗಿ ಬೆಳಗಿ ಒಡೆದುಹೋದವೆಂದು ಬದುಕಿ ಬಂದವರು ಸಾಕ್ಷ್ಯ ನುಡಿದಿದ್ದಾರೆ. ಅಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅಮೆರಿಕದ ಸಮುದ್ರದ ತೈಲಬಾವಿಗಳ ನಿಯಮಗಳು, ಹೀಗೆ ಕೈಮೀರಿ ಓಡುವ ಡೀಸೆಲ್ ಇಂಜಿನ್ನನ್ನು ನಿಲ್ಲಿಸುವ ಸಾಧನವನ್ನು ಅದರ ಗಾಳಿದಾರಿಗೆ ಅಳವಡಿಸಬೇಕೆಂದು ವಿಧಿಸುತ್ತವೆ.

ಇವು ದೂರದ ದೇಶದ ಸುದ್ದಿಗಳೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಕಬ್ಬಿನಿಂದ ಸಕ್ಕರೆ, ಸಕ್ಕರೆಯಿಂದ ಉಳಿದ ಕಾಕಂಬಿ, ಕಾಕಂಬಿಯಿಂದ ಎಥೆನಾಲ್ ಎಂಬ ಸರಪಳಿ ಇಂದು ನಮ್ಮ ಜಿಲ್ಲೆಯ ಕಬ್ಬಿನ ನಾಡಿನ ಆರ್ಥಿಕ ಬೆನ್ನೆಲುಬು. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯ ದೇಶದಲ್ಲಿ 2003ರಲ್ಲಿ ಪ್ರತಿಶತ 5ರ ಪ್ರಮಾಣದಲ್ಲಿ ಆರಂಭವಾಯಿತು. ಪ್ರತಿಶತ 20 ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತರಲಾಯಿತು. ಎಥೆನಾಲ್ ಹೇರಿಕೊಂಡ ಟ್ಯಾಂಕರುಗಳು ಕಬ್ಬಿನ ಲಾರಿಗಳೊಡನೆ ಅವೇ ರಸ್ತೆಗಳಲ್ಲಿ ಓಡಾಡುತ್ತವೆ. ಎಥೆನಾಲ್ ಸುಮಾರು 13ರಿಂದ 17 ಡಿಗ್ರಿ ಶಾಖದಲ್ಲಿಯೇ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಚಳಿಗಾಲದ ಹಗಲು ಕೂಡ ಅದಕ್ಕಿಂತ ಬಿಸಿಯಾಗಿರುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಹೋಗದೆ ತಗ್ಗಿನಲ್ಲಿ ಹರಿದು ನಿಲ್ಲುತ್ತದೆ. ಅಡುಗೆ ಅನಿಲವೂ ಇಂಥದೇ. 2012ರ ಆಗಸ್ಟ್ 27ರಂದು ಕೇರಳದ ಕಣ್ಣೂರಿನ ಬಳಿಯ ಚಾಲ ಎಂಬಲ್ಲಿ, 2013ರ ಏಪ್ರಿಲ್ 9ರಂದು ನಮ್ಮದೇ ದಕ್ಷಿಣ ಕನ್ನಡದ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅನಿಲದ ಟ್ಯಾಂಕರುಗಳು ಉರುಳಿ, ಹರಡಿದ ಅನಿಲಕ್ಕೆ ಬೆಂಕಿ ತಗುಲಿ ರಸ್ತೆಬದಿಯ ಮನೆಗಳಲ್ಲಿದ್ದವರೂ ಸುಟ್ಟುಹೋದ ಘಟನೆಗಳನ್ನು ಮರೆಯುವುದು ಹೇಗೆ?

ಪೆಟ್ರೋಲಿಯಂ ಪದಾರ್ಥ ಸಾಗಿಸುವ ಟ್ಯಾಂಕರುಗಳ ಹೊಗೆಕೊಳವೆಗೆ ಕಿಡಿ ತಡೆಯುವ ಸಾಧನ ಇರಬೇಕೆಂದು ನಮ್ಮ ದೇಶದ ನಿಯಮವಿದೆ. ಅದು ಅತ್ಯಗತ್ಯ. ಆದರೆ ಅದು ಹೊರಹೋಗುವ ಬಾಗಿಲಿನ ಕಾವಲು ಮಾತ್ರ. ಒಳಬರುವ ಬಾಗಿಲಿಗೂ ಒಬ್ಬ ಕಾವಲುಗಾರ ಬೇಕೆಂಬುದೇ ಈ ವಾಲ್ವಿನ ತತ್ತ್ವ. ಟ್ಯಾಂಕರು ಹೊಂದಿದವರು, ಎಥೆನಾಲ್ ತುಂಬುವ ಆವರಣದೊಳಗೆ ಲಾರಿ ಒಯ್ಯುವವರು ಈ ಸಾಧನದ ಕುರಿತು ಮೊದಲು ಯೋಚಿಸಬೇಕು. ತಮ್ಮ ವಾಹನದ ತಯಾರಕರ ಅಧಿಕೃತ ಕಾರ್ಯಾಗಾರದಲ್ಲಿ ವಿಚಾರಿಸಿ, ಕೊಳವೆಯ ಅಳತೆಗೆ ಸರಿಯಾಗಿ ಹೊಂದುವುದನ್ನೇ ಬಲ್ಲವರಿಂದ ಕೂಡಿಸಿಕೊಳ್ಳಬೇಕು.

ಮನೆಯವರು ನೆನಪಿಡಬೇಕಾದ ಮಾತುಗಳು

ಮೊದಲನೆಯದು ದುಡ್ಡು ಬೇಡದ ಎಚ್ಚರಿಕೆ. ಎಣ್ಣೆ ತುಂಬಿದವರು ಯಾರೇ ಇರಲಿ, ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆಯ ಕಡ್ಡಿಯನ್ನು ನೋಡದೆ ಇಂಜಿನ್ ಚಾಲೂ ಮಾಡಬಾರದು. ಎಣ್ಣೆ ಮೇಲಿನ ಗೆರೆಯನ್ನು ಮೀರಿದ್ದರೆ ಹೆಚ್ಚಿನದನ್ನು ತೆಗೆದೇ ಮುಂದಿನ ಕೆಲಸ. ಕಡಿಮೆ ಎಣ್ಣೆ ಕೆಟ್ಟದ್ದೆಂದು ಎಲ್ಲರೂ ಬಲ್ಲರು. ಹೆಚ್ಚಾದರೂ ಕೆಟ್ಟದ್ದೆಂಬುದನ್ನು ಬಲ್ಲವರು ಕೆಲವರೇ. ಹೊಗೆ ನೀಲಿಯಾದರೆ, ಎಣ್ಣೆ ಬೇಗ ಬೇಗ ಕಡಿಮೆಯಾಗುತ್ತಿದ್ದರೆ, ಗಾಳಿಕೊಳವೆಯ ಒಳಭಾಗ ಎಣ್ಣೆಯಿಂದ ಒದ್ದೆಯಾಗಿದ್ದರೆ ಟರ್ಬೊವನ್ನೂ ಉಸಿರುಕೊಳವೆಯನ್ನೂ ತೋರಿಸಬೇಕು. "ಈ ಹಂಗಾಮು ದಾಟಲಿ" ಎಂದು ಮುಂದೂಡಿದರೆ ಹಂಗಾಮೇ ಕೈತಪ್ಪೀತು.

ಎರಡನೆಯದಾಗಿ, ಇಂಜಿನ್ ತಾನಾಗಿ ವೇಗ ಹಿಡಿದರೆ ಮಕ್ಕಳನ್ನೂ ನೆರೆದವರನ್ನೂ ಮೊದಲು ದೂರ ಸರಿಸಬೇಕು. ಇಂಜಿನ್ನಿನ ಮಗ್ಗುಲಲ್ಲಿ ಯಾರೂ ನಿಲ್ಲಕೂಡದು. ವಾಲ್ವು ಇದ್ದರೆ ಕೂಡಲೇ ಅದನ್ನು ಎಳೆಯಬೇಕು. ಇಲ್ಲದಿದ್ದರೆ, ವೇಗ ಇನ್ನೂ ಏರುವ ಮೊದಲೇ ಚಾಲಕನು ಬ್ರೇಕನ್ನು ಪೂರ್ತಿ ಒತ್ತಿ, ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಲ್ಲಕ್ಕಿಂತ ಮೇಲಿನ ಗೇರು ಹಾಕಿ ಕ್ಲಚ್ಚನ್ನು ಬಿಟ್ಟರೆ ಇಂಜಿನ್ ಉಸಿರುಕಟ್ಟಿ ನಿಲ್ಲಬಹುದು. ಗಾಳಿಕೊಳವೆಯ ಬಾಯಿ ಕೈಗೆಟುಕುವಂತಿದ್ದರೆ ಇಂಗಾಲದ ಡೈಆಕ್ಸೈಡ್ ತುಂಬಿದ ಅಗ್ನಿನಂದಕದ ಅನಿಲವನ್ನು ಅದರೊಳಗೆ ಬಿಡಬಹುದು, ಇಲ್ಲವೆ ಗಟ್ಟಿಯಾದ ಹಲಗೆಯಿಂದ ಮುಚ್ಚಬಹುದು. ಬಟ್ಟೆ ಬೇಡ, ಅಂಗೈ ಖಂಡಿತ ಬೇಡ. ಸದ್ದು ಮಿತಿಮೀರಿ, ಹತ್ತಿರ ಹೋಗಲು ಧೈರ್ಯ ಸಾಲದಿದ್ದರೆ ದೂರ ಸರಿಯುವುದೇ ವಿವೇಕ. ಇಂಜಿನ್ ಒಡೆದರೆ ಮತ್ತೊಂದನ್ನು ಕೊಳ್ಳಬಹುದು.

ಮೂರನೆಯದು, ರಸ್ತೆಯಲ್ಲಿ ಟ್ಯಾಂಕರು ಉರುಳಿದ್ದು ಕಂಡರೆ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಲಾರಿಯನ್ನು ಅದರ ಹತ್ತಿರ ಒಯ್ಯಬಾರದು. ದೂರದಲ್ಲಿಯೇ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಗಾಳಿ ಬೀಸಿ ಬರುವ ದಿಕ್ಕಿಗೆ ನಡೆದುಹೋಗಿ 112ಕ್ಕೆ ಕರೆಮಾಡಬೇಕು. ಆವಿ ಹರಡಿದ ಜಾಗದಲ್ಲಿ ನಿಂತ ವಾಹನವನ್ನು ಪಾರುಮಾಡಲೆಂದು ಚಾಲೂ ಮಾಡುವುದು ದೀಪಕ್ಕೆ ಕಡ್ಡಿ ಗೀರಿದಂತೆಯೇ.

ಕೊನೆಯದಾಗಿ, ವಾಲ್ವು ಕೂಡಿಸಿದವರಿಗೆ ಒಂದು ಮಾತು. ಅದು ನಿತ್ಯ ಇಂಜಿನ್ ನಿಲ್ಲಿಸುವ ಸಾಧನವಲ್ಲ. ಆದರೆ ತಯಾರಕರು ಹೇಳಿದ ಕಾಲಕ್ಕೆ ಸರಿಯಾಗಿ ಅದನ್ನು ಪರೀಕ್ಷಿಸುತ್ತಿರಬೇಕು. ನಮ್ಮ ರಸ್ತೆಗಳ ಧೂಳಿನಲ್ಲಿ ವರ್ಷಗಟ್ಟಲೆ ಅಲುಗದ ತೂಬು ಬೇಕಾದ ದಿನ ಇಳಿಯದೆ ಹೋದೀತು. ಒಮ್ಮೆ ಆಪತ್ತಿನಲ್ಲಿ ಮುಚ್ಚಿಕೊಂಡಿತೆಂದರೆ, ಕಾರಣವನ್ನು ಹುಡುಕಿ ಸರಿಪಡಿಸದೆ ಮತ್ತೆ ತೆರೆದು ಚಾಲೂ ಮಾಡಬಾರದು.

ಕಳೆದ ವರ್ಷ ಆ ಬೀಗರ ಮನೆಗೆ ಮತ್ತೊಮ್ಮೆ ಹೋಗಿದ್ದೆವು. ಕುಬಸದ ದಿನ ಹೊಟ್ಟೆಯಲ್ಲಿದ್ದ ಕೂಸು ಈಗ ಅಂಗಳದ ತುಂಬ ಓಡಾಡುತ್ತಿದೆ. ಲಾರಿಯೂ ಮತ್ತೆ ದುಡಿಯುತ್ತಿದೆ. ಅದರ ಗಾಳಿಕೊಳವೆಗೆ ಒಂದು ವಾಲ್ವು, ಕ್ಯಾಬಿನ್ನಿನಲ್ಲಿ ಕೆಂಪು ಬಣ್ಣದ ಹಿಡಿ ಬಂದಿವೆ. ಕಿರಿಯ ಮಗನ ಅಂಗೈಯಲ್ಲಿ ದುಂಡನೆಯ ಕಲೆ ಉಳಿದಿದೆ. ಬೆಳಿಗ್ಗೆ ಇಂಜಿನ್ ಮುಟ್ಟುವ ಮೊದಲು ಅವನು ಅದೇ ಕೈಯಿಂದ ಅಳತೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೊಮ್ಮೆ ಅದ್ದಿ, ಬೆಳಕಿಗೆ ಹಿಡಿದು ನೋಡಿದ್ದನ್ನು ಕಂಡೆವು. ಆ ತಾಯಿ ನಮ್ಮನ್ನು ಕೂಡ್ರಿಸಿದ್ದು ಅದೇ ಮಣೆಯ ಮೇಲೆ. ಅದರ ನಡುವೆ ಕೊಳವೆಯ ಬಾಯಿ ಒತ್ತಿದ ಗುರುತು ಇನ್ನೂ ಇದೆ. "ಕೆತ್ತಿಸಿ ನುಣುಪು ಮಾಡಸಬೇಕಂತಾರ, ನಾನ ಬ್ಯಾಡ ಅಂದೀನ್ರಿ" ಎಂದರು ಅವರು.

ಪ್ರತಿಯೊಂದು ಮನೆಯಲ್ಲಿಯೂ ಸಮಯಕ್ಕೆ ಒಂದು ಮಣೆ, ಒಬ್ಬ ಬಲ್ಲ ಮಿಸ್ತ್ರಿ ಸಿಕ್ಕಾರೆಂದು ಹೇಳಲಾಗದು. ಆದುದರಿಂದ ಲಾರಿಯುಳ್ಳ ಬಂಧುಗಳು ಈ ಪುಟವನ್ನು ಓದಿ ಮಡಿಚಿಡದೆ ತಮ್ಮ ಚಾಲಕರಿಗೂ ಕ್ಲೀನರ್ ಹುಡುಗರಿಗೂ ಓದಿ ಹೇಳಬೇಕೆಂದು ವಿನಂತಿಸಿಕೊಳ್ಳುತ್ತೇವೆ. ದುಡಿಯಲು ಹೊರಟವರು ಸಂಜೆಗೆ ಸುರಕ್ಷಿತವಾಗಿ ಮನೆ ಸೇರಲಿ.